ಚರ್ನಿ ರೋಡಿನಲ್ಲಿ ಇಳಿದರೆ ವಿಯೆನ್ನಾ

(ಭಾನುವಾರ ಬೆಳಿಗ್ಗೆ ಎಂಟೂವರೆ. ಚರ್ನಿ ರೋಡ್ ಸ್ಟೇಷನ್ನಿನ ಹೊರಗೆ ಇಬ್ಬರು ನಿಂತಿದ್ದಾರೆ. ಒಬ್ಬರು ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನ ಗಲ್ಲೆಯಲ್ಲಿ ಕೂತು, ರಾತ್ರಿಶಾಲೆಯಲ್ಲಿ ಓದಿ, ಕಂಪೆನಿಯ ಗುಮಾಸ್ತರಾಗಿ ನಿವೃತ್ತರಾದ ಮಾವ. ಇನ್ನೊಬ್ಬ, ಆಫೀಸಿನ ಕೆಲಸಕ್ಕೆ ವಿಯೆನ್ನಾಕ್ಕೆ ಹೋಗಿ ಮೊನ್ನೆಯಷ್ಟೇ ಮರಳಿದ ಅಳಿಯ.)

ಅಳಿಯ: ಮಾವ, ರಜೆಯ ದಿನ ಇಷ್ಟು ಬೇಗ ಎಬ್ಬಿಸಿ ತಂದಿರಿ. ಎಲ್ಲಿಗೆ ಅಂತ ಈಗಲಾದರೂ ಹೇಳಿ.

ಮಾವ: ನಿನ್ನೆ ರಾತ್ರಿ ಎರಡು ಗಂಟೆ ಹೊತ್ತು ಮೊಬೈಲಿನಲ್ಲಿ ವಿಯೆನ್ನಾ ತೋರಿಸಿದೆಯಲ್ಲ, ಆ ಸಾಲ ತೀರಿಸುವುದು ಬೇಡವಾ? ಇವತ್ತು ನನ್ನ ಸರದಿ.

ಅಳಿಯ: ಏನು ತೋರಿಸುತ್ತೀರಿ?

ಮಾವ: ವಿಯೆನ್ನಾವನ್ನೇ.

ಅಳಿಯ: ಇಲ್ಲಿ? ಎದುರಿಗೆ ವಡಾಪಾವ್ ಗಾಡಿ ಕಾಣುತ್ತಾ ಉಂಟು ಮಾವ.

ಮಾವ: ಅದನ್ನು ದಾಟಿದ ಮೇಲೆ. ಮೊದಲು ನೀನು ಹೇಳು. ನಾನೂರು ಫೋಟೊ ತೋರಿಸಿದೆ, ಒಂದು ಕತೆ ಹೇಳಲಿಲ್ಲ. ಆ ಊರಿನಲ್ಲಿ ನಿನಗೆ ನಿಜವಾಗಿ ಹಿಡಿಸಿದ್ದು ಯಾವುದು?

ಅಳಿಯ: ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವವರ ಜಾಗ. 1869ರಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ಯಿಂದ ಬಾಗಿಲು ತೆರೆದ ರಂಗಮಂದಿರ ಅದು. ಒಳ್ಳೆಯ ಸೀಟಿನ ದರ ಕೇಳಿದರೆ ಎದೆ ಒಡೆಯುತ್ತದೆ. ನಿಂತು ನೋಡುವುದಾದರೆ ಒಂದು ಊಟದ ದುಡ್ಡು ಸಾಕು. ಸಾಲಿನಲ್ಲಿ ನಿಂತು ಒಳಗೆ ಹೋದವರು ತಮ್ಮ ಕೊರಳಿನ ಸ್ಕಾರ್ಫ್ ಬಿಚ್ಚಿ ಎದುರಿನ ಕಂಬಿಗೆ ಕಟ್ಟುತ್ತಾರೆ. ಕಟ್ಟಿದರೆ ಮುಗಿಯಿತು, ಆ ಜಾಗ ಅವರದ್ದು. ಹೊರಗೆ ಹೋಗಿ ಏನಾದರೂ ತಿಂದು ಬರಬಹುದು, ಯಾರೂ ಮುಟ್ಟುವುದಿಲ್ಲ.

ಮಾವ: ಟವೆಲ್! ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನಲ್ಲಿ ಸೀಟು ಹಿಡಿದ ವಂಶ ನಮ್ಮದು. ಚಕ್ರವರ್ತಿಯ ಊರಿನಲ್ಲೂ ಅದೇ ಕಾಯ್ದೆ ಅಂತಾಯಿತು.

ಅಳಿಯ: ಆದರೆ ನಮ್ಮಲ್ಲಿ ಟವೆಲ್ ತೆಗೆದು ಕೂತವನ ಹತ್ತಿರ ಜಗಳ ಆಡಬೇಕು. ಅಲ್ಲಿ ಸ್ಕಾರ್ಫೇ ಜಗಳ ಆಡುತ್ತದೆ.

ಮಾವ: ಒಪ್ಪಿದೆ. ಇನ್ನು?

ಅಳಿಯ: ಬೀದಿಬೀದಿಯಲ್ಲಿ ಮೊಜಾರ್ಟನ ವೇಷದವರು. ಬಿಳಿ ಟೋಪನ್, ಕೆಂಪು ನಿಲುವಂಗಿ. ಕಚೇರಿಯ ಟಿಕೆಟ್ ಮಾರುವ ಹುಡುಗರು ಅವರು. ಹಳೆಯ ಮನೆಗಳ ಗೋಡೆಯ ಮೇಲೆ ಫಲಕ, ಅದಕ್ಕೆ ಸಿಕ್ಕಿಸಿದ ಪುಟ್ಟ ಬಾವುಟ. ಇಲ್ಲಿ ಇಂಥವನು ಇದ್ದ, ಇಲ್ಲಿ ಇಂಥದ್ದು ಬರೆದ. ಬೀಥೋವನ್ ಅಂತೂ ಬಾಡಿಗೆ ಮನೆ ಬದಲಿಸಿದ್ದಕ್ಕೆ ಲೆಕ್ಕವೇ ಇಲ್ಲವಂತೆ.

ಮಾವ: ಮುಂಬಯಿಯಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಬದುಕುವವರಿಗೆ ಅವನ ಕಷ್ಟ ಅರ್ಥವಾದೀತು. ಅವನು ಆ ಊರಿನವನಾ?

ಅಳಿಯ: ಇಲ್ಲ, ಜರ್ಮನಿಯ ಬಾನ್‌ನವನು. 1792ರಲ್ಲಿ ಬಂದ.

ಮಾವ: ಮೊಜಾರ್ಟ್?

ಅಳಿಯ: ಸಾಲ್ಸ್‌ಬರ್ಗ್‌ನವನು. 1781ರಲ್ಲಿ ಬಂದು ನೆಲೆಸಿದ. ಬ್ರಾಮ್ಸ್ ಹ್ಯಾಂಬರ್ಗ್‌ನವನು. ಹೈಡನ್ ಹಳ್ಳಿಯ ಹುಡುಗ, ದೊಡ್ಡ ಚರ್ಚಿನ ಹಾಡುವ ತಂಡಕ್ಕೆ ಸೇರಲು ಬಂದವನು. ದನಿ ಒಡೆದಾಗ ಹೊರಗೆ ಹಾಕಿದರಂತೆ. ಶೂಬರ್ಟ್ ಮಾತ್ರ ಅಲ್ಲೇ ಹುಟ್ಟಿದವನು.

ಮಾವ: ಹಾಗಾದರೆ ಸಂಗೀತದ ಊರು ಅಂದರೆ ಹಾಡುವವರು ಹುಟ್ಟುವ ಊರಲ್ಲ, ಟ್ರಂಕು ಹಿಡಿದು ಬಂದು ಇಳಿಯುವ ಊರು. ಇದನ್ನು ನೆನಪಿಟ್ಟುಕೋ. ಈಗ ತಲೆ ಎತ್ತು.

ಅಳಿಯ: ರಾಯಲ್ ಒಪೆರಾ ಹೌಸ್! ಇಷ್ಟು ಸಲ ಟ್ಯಾಕ್ಸಿಯವನಿಗೆ ‘ಒಪೆರಾ ಹೌಸ್’ ಅಂದಿದ್ದೇನೆ, ನಿಂತು ನೋಡಿದ್ದು ಇವತ್ತೇ.

ಮಾವ: ಕಲ್ಲಿದ್ದಲಿನ ದಲ್ಲಾಳಿ ಜಹಾಂಗೀರ್ ಕರಾಕಾ ಎಂಬ ಪಾರ್ಸಿ, ಬ್ಯಾಂಡ್‌ಮನ್ ಎಂಬ ಕಲ್ಕತ್ತೆಯ ನಾಟಕದ ದೊರೆ, ಇಬ್ಬರೂ ಸೇರಿ ಕಟ್ಟಿಸಿದ್ದು. 1911ರಲ್ಲಿ ಐದನೇ ಜಾರ್ಜ್ ಬಂದು ಉದ್ಘಾಟಿಸಿದ. ಕೆಲಸ ಇನ್ನೂ ಬಾಕಿ ಇತ್ತು, ಉದ್ಘಾಟನೆ ಆಯಿತು. ನಮ್ಮ ಫ್ಲೈಓವರಿನ ಪದ್ಧತಿ ಆಗಲೇ ಉಂಟು ನೋಡು. ಒಪೆರಾ ನೋಡಲು ಜನ ಎಷ್ಟು ದಿನ ಬಂದಾರು? ಆಮೇಲೆ ಬಾಲಗಂಧರ್ವರ ಮರಾಠಿ ಸಂಗೀತ ನಾಟಕ, ಪೃಥ್ವಿರಾಜ್ ಕಪೂರರ ನಾಟಕ, ಸಿನಿಮಾ. 1993ರಲ್ಲಿ ಬೀಗ ಬಿತ್ತು. 2016ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು.

ಅಳಿಯ: ಕಟ್ಟಡ ಚೆಂದ ಉಂಟು. ಆದರೆ ಒಂದು ಒಪೆರಾ ಹೌಸ್ ಇದ್ದ ಮಾತ್ರಕ್ಕೆ ವಿಯೆನ್ನಾ ಆಗುವುದಿಲ್ಲ ಮಾವ. ಅಲ್ಲಿಯ ರಿಂಗ್‌ಸ್ಟ್ರಾಸೆ ನೋಡಬೇಕು ನೀವು. 1857ರಲ್ಲಿ ಚಕ್ರವರ್ತಿ ಆಜ್ಞೆ ಕೊಟ್ಟು ಊರಿನ ಕೋಟೆಗೋಡೆ ಕೆಡವಿಸಿದ. ಆ ಜಾಗದಲ್ಲಿ ಅಗಲ ರಸ್ತೆ, ಅದರ ಉದ್ದಕ್ಕೆ ರಂಗಮಂದಿರ, ವಿಶ್ವವಿದ್ಯಾಲಯ, ಸಂಸತ್ತು. ಟ್ರಾಮಿನಲ್ಲಿ ಕೂತರೆ ಒಂದೊಂದಾಗಿ ಕಾಣುತ್ತವೆ.

ಮಾವ: ನೀನು ದಿನಾ ಇಳಿಯುವ ಜಾಗಕ್ಕೆ ಫೋರ್ಟ್ ಅಂತ ಯಾಕೆ ಹೆಸರು? ಎಲ್ಲಾದರೂ ಕೋಟೆ ಕಂಡಿದ್ದೀಯಾ?

ಅಳಿಯ: ಇಲ್ಲ.

ಮಾವ: ಗವರ್ನರ್ ಬಾರ್ಟಲ್ ಫ್ರೇರ್ 1860ರ ದಶಕದಲ್ಲಿ ಕೆಡವಿಸಿದ. ಅಮೆರಿಕದಲ್ಲಿ ಅಂತರ್ಯುದ್ಧ, ಇಂಗ್ಲೆಂಡಿನ ಗಿರಣಿಗೆ ಹತ್ತಿ ಇಲ್ಲ, ಮುಂಬಯಿಗೆ ಹಣದ ಹೊಳೆ. ಗೋಡೆ ಬಿದ್ದ ಮೇಲೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ ಮೈದಾನದ ಅಂಚಿಗೆ ಸಾಲಾಗಿ ಎದ್ದವು. 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಎರಡು ಊರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸೊಂಟದ ಪಟ್ಟಿ ಸಡಿಲಿಸಿದವು ಮಾರಾಯ. ಅವರದ್ದು ಟ್ರಾಮಿನಲ್ಲಿ ಕಂಡಿತು, ನಮ್ಮದು ನಿನಗೆ ಲೋಕಲಿನ ಗಡಿಬಿಡಿಯಲ್ಲಿ ಕಾಣಲಿಲ್ಲ.

ಅಳಿಯ: ಸರಿ, ಕಟ್ಟಡದ ಮಾತಾಯಿತು. ಸಂಗೀತ?

ಮಾವ: ನೀನು ಮೂಸಿಕ್‌ಫೆರೈನ್ ಸಭಾಂಗಣದ ಎದುರು ನಿಂತು ಫೋಟೊ ತೆಗೆಸಿಕೊಂಡಿದ್ದೆಯಲ್ಲ, ಅದು ತೆರೆದದ್ದು ಯಾವಾಗ?

ಅಳಿಯ: 1870.

ಮಾವ: ಅದೇ 1870ರಲ್ಲಿ ಕೈಖುಷ್ರು ಕಾಬ್ರಾಜಿ ಎಂಬ ಪಾರ್ಸಿ ಪತ್ರಕರ್ತರು ಇಲ್ಲಿ ‘ಗಾಯನ ಉತ್ತೇಜಕ ಮಂಡಳಿ’ ಕಟ್ಟಿದರು. ಕೋಠಿಯಲ್ಲಿ, ದರ್ಬಾರಿನಲ್ಲಿ ಇದ್ದ ಹಾಡನ್ನು ಸಂಸಾರಸ್ಥರು ಕಲಿಯಬೇಕು, ಕೇಳಬೇಕು ಅಂತ. ವಾಲಕೇಶ್ವರದಲ್ಲಿ ಹುಟ್ಟಿದ ಒಬ್ಬ ತರುಣ ಅಲ್ಲಿಗೆ ಸೇರಿಕೊಂಡ. ಮುಂದೆ ವಕೀಲನಾದ, ವಕೀಲಿ ಬಿಟ್ಟ, ದೇಶ ಸುತ್ತಿ ರಾಗಗಳನ್ನೆಲ್ಲ ಹತ್ತು ಥಾಟಿನಲ್ಲಿ ಹೊಂದಿಸಿದ. ಭಾತಖಂಡೆ. ಈಗ ನಾವು ನಿಂತ ಚೌಕದ ಹೆಸರು ಓದು.

ಅಳಿಯ: ಪಂಡಿತ್ ಪಲುಸ್ಕರ್ ಚೌಕ.

ಮಾವ: ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿದರೆ ‘ಕಿಧರ್?’ ಅಂತಾನೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, 1908ರಲ್ಲಿ ಮುಂಬಯಿಗೆ ತಂದರು. ಸಾಲ ಮಾಡಿ ಸ್ವಂತ ಕಟ್ಟಡ ಕಟ್ಟಿಸಿದರು. ಸಾಲ ತೀರಲಿಲ್ಲ, ಕಟ್ಟಡ ಹರಾಜಾಯಿತು. ಶಿಷ್ಯರು ಮಾತ್ರ ಹರಾಜಾಗಲಿಲ್ಲ. ಅವರಲ್ಲೊಬ್ಬರು ಬಿ. ಆರ್. ದೇವಧರ್. ಬಾ, ಫ್ರೆಂಚ್ ಬ್ರಿಜ್ ಕಡೆ ಹೋಗೋಣ.

(ಬಸ್ಸು, ಕೈಗಾಡಿಗಳ ನಡುವೆ ರಸ್ತೆ ದಾಟುತ್ತಾರೆ.)

ಅಳಿಯ: ಇಲ್ಲಿ ಏನುಂಟು?

ಮಾವ: ಕಣ್ಣಿಗೆ ಏನೂ ಇಲ್ಲ. ಹಳೆಯ ಕಟ್ಟಡ, ಆಫೀಸಿನ ಬೋರ್ಡುಗಳು, ಕೆಳಗೆ ರೈಲು ಹಳಿ. ನಿನ್ನ ಬಾವುಟದ ಫಲಕ ಇಲ್ಲಿ ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ. ದೇವಧರರು 1925ರಲ್ಲಿ ಶುರು ಮಾಡಿದ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್ ಈ ಆಸುಪಾಸಿನಲ್ಲೇ ನಡೆದದ್ದು. ಅವರು ಪಾಶ್ಚಾತ್ಯ ಸಂಗೀತವನ್ನೂ ಕಲಿತವರು, ಯಾವ ಘರಾಣೆಯ ಉಸ್ತಾದರು ಬಂದರೂ ಚಾಪೆ ಹಾಸಿ ಕೂರಿಸಿದವರು. ಅವರ ಹತ್ತಿರ ಬೆಳಗಾವಿ ಕಡೆಯಿಂದ ಒಬ್ಬ ಅಪ್ಪ ಮಗನನ್ನು ತಂದು ಬಿಟ್ಟ. ಹುಡುಗನಿಗೆ ಹನ್ನೆರಡರ ಆಸುಪಾಸು. ಸುಳೇಭಾವಿ ಊರು, ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹೆಸರು.

ಅಳಿಯ: ಕುಮಾರ ಗಂಧರ್ವ!

ಮಾವ: ಆ ಬಿರುದನ್ನು ನಮ್ಮ ಕಡೆಯ ಮಠದ ಸ್ವಾಮಿಗಳು ಆಗಲೇ ಕೊಟ್ಟಿದ್ದರು. ದೊಡ್ಡ ದೊಡ್ಡ ಗವಾಯಿಗಳ ಗ್ರಾಮಫೋನ್ ಪ್ಲೇಟು ಕೇಳಿ ಅವರಂತೆಯೇ ಹಾಡಿ ತೋರಿಸುತ್ತಿದ್ದ ಹುಡುಗ. ಆರು ವರ್ಷದ ಮೊಜಾರ್ಟನನ್ನು ಅಪ್ಪ ವಿಯೆನ್ನಾದ ರಾಣಿಯ ಎದುರು ಕೂರಿಸಿ ನುಡಿಸಿದ ಹಾಗೆ ಈ ಹುಡುಗನನ್ನೂ ಊರೂರಿಗೆ ಕರೆದೊಯ್ದು ಹಾಡಿಸಿದ್ದರು. ಅದು ಬೇರೆಯವರ ಹಾಡು. ತನ್ನ ಹಾಡು ಯಾವುದೆಂದು ಹುಡುಕಲು ಅವನಿಗೊಂದು ಶಾಲೆ ಬೇಕಿತ್ತು. ಆ ಶಾಲೆ ಇಲ್ಲಿ ಸಿಕ್ಕಿತು.

ಅಳಿಯ: ಈ ಜಾಗದಲ್ಲಾ? ನಾನು ದಿನಾ ಈ ಬ್ರಿಜ್ಜಿನ ಅಡಿಯಲ್ಲೇ ಲೋಕಲಿನಲ್ಲಿ ಹೋಗುತ್ತೇನೆ ಮಾವ.

ಮಾವ: ಇನ್ನೂ ನಡೆ. ಕಾಂಗ್ರೆಸ್ ಹೌಸಿನ ಆವರಣದಲ್ಲಿ ಒಂದು ಹಾಲ್ ಉಂಟು. ಗವರ್ನರ್ ವಿಲಿಂಗ್ಡನ್‌ನಿಗೆ ಸ್ಮಾರಕ ಕಟ್ಟುವುದನ್ನು 1918ರಲ್ಲಿ ಜಿನ್ನಾ ಮುಂದೆ ನಿಂತು ವಿರೋಧಿಸಿದರು. ಅದರ ನೆನಪಿಗೆ ಊರಿನ ಜನ ಒಂದೊಂದು ರೂಪಾಯಿ ಚಂದಾ ಹಾಕಿ ಕಟ್ಟಿಸಿದ ಜಿನ್ನಾ ಹಾಲ್. ಈಗ ಪಿ. ಜೆ. ಹಾಲ್ ಅನ್ನುತ್ತಾರೆ. 1936ರಲ್ಲಿ ಅಲ್ಲಿ ದೇವಧರರು ಏರ್ಪಡಿಸಿದ ಸಂಗೀತ ಸಮ್ಮೇಳನ. ಎದುರಿಗೆ ಕೂತವರು ಗಾಯಕರು, ಉಸ್ತಾದರು. ಸುಳೇಭಾವಿಯ ಹುಡುಗ ಹಾಡಿದ. ಮಾರನೆಯ ದಿನದಿಂದ ಅವನ ಪರಿಚಯ ಹೇಳುವ ಕೆಲಸ ಯಾರಿಗೂ ಉಳಿಯಲಿಲ್ಲ.

ಅಳಿಯ: 1936. ಆ ವರ್ಷವನ್ನು ವಿಯೆನ್ನಾದಲ್ಲಿ ಎಲ್ಲೋ ಕೇಳಿದೆ. ಹಾಂ, ಝೂಬಿನ್ ಮೆಹ್ತಾ ಹುಟ್ಟಿದ ವರ್ಷ. ನಮ್ಮ ಗೈಡ್ ನಾನು ಮುಂಬಯಿಯವನು ಎಂದ ಕೂಡಲೇ ಅವರ ಹೆಸರು ಹೇಳಿದಳು. ಮೂಸಿಕ್‌ಫೆರೈನ್‌ನ ಹೊಸ ವರ್ಷದ ಕಚೇರಿಯನ್ನು ಐದು ಸಲ ನಡೆಸಿದವರು.

ಮಾವ: ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಮೆಹ್ಲಿ ಮೆಹ್ತಾ ಅದರ ಹಿಂದಿನ ವರ್ಷವೇ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದರು. ಮಗ ಡಾಕ್ಟರ್ ಆಗಬೇಕೆಂದಿತ್ತು. 1954ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ವೈದ್ಯಕೀಯ ಓದು ಬಿಟ್ಟು ವಿಯೆನ್ನಾಕ್ಕೆ ಹೋದರು. ಒಬ್ಬ ಹುಡುಗ ಸುಳೇಭಾವಿಯಿಂದ ಮುಂಬಯಿಗೆ, ಇನ್ನೊಬ್ಬ ಮುಂಬಯಿಯಿಂದ ವಿಯೆನ್ನಾಕ್ಕೆ. ಆ 1936ರ ಹೊತ್ತಿಗೇ ಧಾರವಾಡದ ಮನ್ಸೂರಿನ ಮಲ್ಲಿಕಾರ್ಜುನ ಈ ಊರಿನಲ್ಲಿ ಮಂಜಿ ಖಾನರ ಎದುರು ತಂಬೂರಿ ಹಿಡಿದು ಕೂತಿದ್ದರು. ಮಂಜಿ ಖಾನರು 1937ರಲ್ಲಿ ತೀರಿಕೊಂಡರು, ಪಾಠ ನಡೆದದ್ದು ಒಂದೂವರೆ ವರ್ಷದ ಸುತ್ತಮುತ್ತ. ಜೀವಮಾನವೆಲ್ಲ ಮನ್ಸೂರರು ಆ ಬಾಗಿಲಿಗೇ ಕೈ ಮುಗಿದರು. ಗಂಗೂಬಾಯಿ ಹಾನಗಲ್ ಇಲ್ಲಿಗೆ ಬಂದು ಗ್ರಾಮಫೋನಿಗೆ ಹಾಡಿದರು. ಪ್ಲೇಟಿನ ಮೇಲೆ ಕಂಪೆನಿಯವರು ‘ಗಾಂಧಾರಿ ಹಾನಗಲ್’ ಅಂತ ಅಚ್ಚು ಹಾಕಿದರು. ಗದಗಿನ ಭೀಮಸೇನ ಜೋಶಿ 1943ರಲ್ಲಿ ಬಂದು ರೇಡಿಯೊ ಕಲಾವಿದರಾದರು.

ಅಳಿಯ: ಎಲ್ಲರೂ ಇಲ್ಲಿಗೇ ಯಾಕೆ? ಧಾರವಾಡದಲ್ಲಿ ಹಾಡು ಇರಲಿಲ್ಲವೇ?

ಮಾವ: ಹಾಡು ಇತ್ತು, ದುಡ್ಡು ಇರಲಿಲ್ಲ. ಗ್ರಾಮಫೋನ್ ಕಂಪೆನಿ ಇಲ್ಲಿ, ರೇಡಿಯೊ ಇಲ್ಲಿ, ಗಿರಣಿ ಶೇಟುಗಳು ಇಲ್ಲಿ. ನಿನ್ನ ಬೀಥೋವನ್ ಗಾಳಿ ತಿಂದು ಬದುಕಿದನಾ?

ಅಳಿಯ: ಇಲ್ಲ. 1808ರಲ್ಲಿ ಅವನಿಗೆ ಬೇರೆ ಊರಿನಿಂದ ಕೆಲಸದ ಕರೆ ಬಂತು. ಹೋಗಿಬಿಡುತ್ತಾನೆ ಅಂತ 1809ರಲ್ಲಿ ಒಬ್ಬ ರಾಜಕುಮಾರ, ಇಬ್ಬರು ಪ್ರಭುಗಳು ಸೇರಿ ವರ್ಷಕ್ಕೆ 4,000 ಫ್ಲೋರಿನ್ ಗೊತ್ತು ಮಾಡಿದರು. ಷರತ್ತು ಒಂದೇ, ವಿಯೆನ್ನಾ ಬಿಡಬಾರದು.

ಮಾವ: ನೋಡು, ಅದು ದೊಡ್ಡ ಮಾತು. ಹೋಗಬೇಡ ಅಂತ ಹಣ ಕೊಟ್ಟು ನಿಲ್ಲಿಸಿಕೊಂಡರು. ಈ ಊರಿಗೆ ಕರೆಯುವುದು ಗೊತ್ತು, ನಿಲ್ಲಿಸಿಕೊಳ್ಳುವುದು ಗೊತ್ತಿಲ್ಲ. ಕುಮಾರರಿಗೆ ಕ್ಷಯ ಹಿಡಿಯಿತು. ಈ ಸಮುದ್ರದ ತೇವ ಉಂಟಲ್ಲ, ಮಳೆಗಾಲದಲ್ಲಿ ತಬಲೆಯ ಚರ್ಮವೇ ಮೆತ್ತಗಾಗುತ್ತದೆ, ಶ್ವಾಸಕೋಶದ ಪಾಡೇನು? 1948ರಲ್ಲಿ ಒಣ ಹವೆಯ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡಲಿಲ್ಲ. ಎದ್ದು ಹಾಡಿದಾಗ ಆ ಹಾಡು ಮಾಳವದ್ದಾಗಿತ್ತು.

ಅಳಿಯ: ವಿಯೆನ್ನಾವನ್ನೂ ತೀರಾ ಹೊಗಳಬೇಡಿ ಮಾವ. ಮೊಜಾರ್ಟ್ 1791ರಲ್ಲಿ ಸತ್ತಾಗ ಸಾಮಾನ್ಯ ಜನರನ್ನು ಹೂಳುವ ಹಾಗೆ ಗುರುತಿಲ್ಲದ ಗುಂಡಿಯಲ್ಲಿ ಹೂತರು. ಸರಿಯಾದ ಜಾಗ ಇವತ್ತಿಗೂ ಗೊತ್ತಿಲ್ಲ. ನಾನು ಸೇಂಟ್ ಮಾರ್ಕ್ಸ್ ಸ್ಮಶಾನಕ್ಕೆ ಹೋಗಿದ್ದೆ. ಅಂದಾಜಿನ ಜಾಗದಲ್ಲಿ ಒಂದು ಮುರಿದ ಕಂಬ, ಪಕ್ಕದಲ್ಲಿ ಅಳುವ ದೇವದೂತ. ಶೂಬರ್ಟ್ 31ಕ್ಕೆ ಸತ್ತ. ಬರೀ ತನ್ನ ಕೃತಿಗಳದ್ದೇ ಅಂತ ಸಾರ್ವಜನಿಕ ಕಚೇರಿ ಅವನ ಬದುಕಿನಲ್ಲಿ ಆದದ್ದು ಒಂದೇ. ಇನ್ನೊಂದು ತಮಾಷೆ ಕೇಳಿ. 1874ರಲ್ಲಿ ಊರಾಚೆ ದೊಡ್ಡ ಸ್ಮಶಾನ ಮಾಡಿದರು. ಅಷ್ಟು ದೂರ ಯಾರೂ ಬರಲೊಲ್ಲರು. ಆಗ ನಗರದವರು ಬೀಥೋವನ್, ಶೂಬರ್ಟ್ ಇಬ್ಬರ ಅಸ್ಥಿಯನ್ನೂ ಹಳೆಯ ಜಾಗದಿಂದ ತೆಗೆದು 1888ರಲ್ಲಿ ಅಲ್ಲಿ ಇಟ್ಟರು. ಈಗ ಟ್ರಾಮು ತುಂಬ ಜನ.

ಮಾವ: ಹಾಗಾದರೆ ವಿಯೆನ್ನಾದವರು ಬುದ್ಧಿವಂತರಾಗಿ ಹುಟ್ಟಲಿಲ್ಲ, ಆಮೇಲೆ ಆದರು. ನೋಡತಕ್ಕ ಊರು ಅನ್ನುವುದು ತಾನಾಗಿ ಆಗುವುದಲ್ಲ, ಕೂತು ಯೋಚಿಸಿ ಮಾಡಿದ್ದು. ನಮಗೆ ಇನ್ನೂ ಹೊತ್ತು ಮೀರಿಲ್ಲ ಅಂತಾಯಿತು.

(ಗ್ರ್ಯಾಂಟ್ ರೋಡ್ ಸ್ಟೇಷನ್. ಭಾನುವಾರದ ಮೆಗಾ ಬ್ಲಾಕ್. ಇಪ್ಪತ್ತು ನಿಮಿಷ ಕಾದ ಮೇಲೆ ಬಂದ ಲೋಕಲಿನಲ್ಲಿ ಬಾಗಿಲ ಬಳಿ ನಿಂತಿದ್ದಾರೆ.)

ಅಳಿಯ: ನೀವು ಇದನ್ನೆಲ್ಲ ಕೇಳಿದ್ದು ಎಲ್ಲಿ ಮಾವ? ಟಿಕೆಟಿಗೆ ದುಡ್ಡು?

ಮಾವ: ಟಿಕೆಟ್ ಯಾರು ಕೊಳ್ಳುತ್ತಾರೆ? ಗಿರಗಾಂವದಲ್ಲಿ ಕೇಶವಜಿ ನಾಯಕ ಚಾಳಿನಲ್ಲಿ 1893ರಿಂದ ಸಾರ್ವಜನಿಕ ಗಣೇಶೋತ್ಸವ. ಅದನ್ನು ನೋಡಿ ಸುತ್ತಲಿನ ಗಲ್ಲಿಗಳಲ್ಲೂ ಪೆಂಡಾಲು. ಗಣಪತಿಯ ಎದುರು ಗವಾಯಿಗಳ ಬೈಠಕ್ ಆಗುತ್ತಿತ್ತು. ಒಳಗೆ ಜಾಗ ಇಲ್ಲದಿದ್ದರೆ ರಸ್ತೆಯ ಮೇಲೆ ಪೇಪರು ಹಾಸಿ ಕೂರುವುದು. ಹೋಟೆಲಿನ ಶಟರ್ ಎಳೆದು, ಮೈಗೆ ಸಾಂಬಾರಿನ ವಾಸನೆ ಮೆತ್ತಿಕೊಂಡೇ ಓಡಿ ಬರುತ್ತಿದ್ದೆ. ಕೊನೆಯ ಲೋಕಲಿಗೆ ಎದ್ದರೆ ದರ್ಬಾರಿ ತಪ್ಪುತ್ತದೆ, ಕೂತರೆ ಬೆಳಗಿನ ಮೊದಲ ಲೋಕಲೇ ಗತಿ. ನಾನು ಎಷ್ಟೋ ಸಲ ಕೂತೆ. ಭೈರವಿ ಕೇಳಿ, ಮುಖ ತೊಳೆದು, ಹಾಗೆಯೇ ಗಲ್ಲೆಗೆ ಹೋಗಿ ಕೂತದ್ದುಂಟು. ಆವತ್ತು ಚಿಲ್ಲರೆ ಲೆಕ್ಕ ತಪ್ಪುತ್ತಿತ್ತು.

ಅಳಿಯ: ಈಗ ಅಂಥದ್ದು ಇಲ್ಲವಲ್ಲ.

ಮಾವ: 2000ದ ಶಬ್ದಮಾಲಿನ್ಯದ ನಿಯಮ ಬಂತು. ರಾತ್ರಿ ಹತ್ತಕ್ಕೆ ಬಯಲಿನ ಮೈಕು ಬಂದ್. ನಿಯಮ ಬೇಕಾದದ್ದೇ, ಆಸ್ಪತ್ರೆಯಲ್ಲಿ ಮಲಗಿದವನನ್ನು ಕೇಳು. ಆದರೆ ಮಧ್ಯರಾತ್ರಿಯ ರಾಗಗಳು ನಿರಾಶ್ರಿತವಾದವು. ಮಾಲಕೌಂಸ್ ಸಂಜೆ ಆರೂವರೆಗೇ ಬಂದು ಕೂರುತ್ತದೆ.

ಅಳಿಯ: ನಮ್ಮ ಕರ್ನಾಟಕ ಸಂಗೀತಕ್ಕೆ ಈ ಊರಿನಲ್ಲಿ ಜಾಗ ಇರಲಿಲ್ಲವೇ?

ಮಾವ: ಅದಕ್ಕೇ ಮಾಟುಂಗಾಕ್ಕೆ ಹೋಗುವುದು. ಅದರ ಮೊದಲು ಒಂದು ಕೇಳು. ಭೇಂಡಿಬಜಾರಿನ ಹೆಸರಿನಲ್ಲೇ ಒಂದು ಘರಾಣೆ ಉಂಟು. ಮುರಾದಾಬಾದ್ ಕಡೆಯಿಂದ ಬಂದ ಮೂವರು ಅಣ್ಣತಮ್ಮಂದಿರು ಕಟ್ಟಿದ್ದು. ಅವರಲ್ಲೊಬ್ಬರ ಮಗ ಅಮಾನ್ ಅಲಿ ಖಾನರಿಗೆ ನಮ್ಮ ದಕ್ಷಿಣದ ಹಾಡಿನ ಹುಚ್ಚು. ಸ್ವರ ಹೇಳಿ ಹಾಡುವ ಚಟ ಅಲ್ಲಿಂದಲೇ ಹಿಡಿದದ್ದು. ನಮ್ಮ ಹಂಸಧ್ವನಿಯಲ್ಲಿ ಬಂದಿಶ್ ಕಟ್ಟಿದರು. ಉತ್ತರದವರೆಲ್ಲ ಅದನ್ನು ತಮ್ಮದೇ ಅಂತ ಹಾಡುತ್ತಾರೆ. ಲತಾ ಮಂಗೇಶ್ಕರ್ ಕೂಡ ಅವರ ಹತ್ತಿರ ಕಲಿತವರು. ಈಗ ಅಲ್ಲಿ ಹಳೆಯ ಚಾಳು ಕೆಡವಿ ಗಗನಚುಂಬಿ ಕಟ್ಟುತ್ತಿದ್ದಾರೆ. ಮನೆಗೆ ಹೊಸ ಲಿಫ್ಟ್ ಬರಲಿ, ಸಂತೋಷ. ಘರಾಣೆ ಯಾವ ಮಹಡಿಯಲ್ಲಿತ್ತು ಅಂತ ಯಾರಾದರೂ ಬರೆದಿಟ್ಟರೆ ಸಾಕು.

(ಮಾಟುಂಗಾ ರೋಡಿನಲ್ಲಿ ಇಳಿದು, ಝಡ್ ಬ್ರಿಜ್ ದಾಟಿ ಪೂರ್ವಕ್ಕೆ ಬರುತ್ತಾರೆ. ಮಲ್ಲಿಗೆ ಅಂಗಡಿಗಳು, ಬಾಳೆಲೆಯ ಕಟ್ಟುಗಳು. ಉಡುಪಿ ಹೋಟೆಲೊಂದರಲ್ಲಿ ಎದುರುಬದುರು ಕೂರುತ್ತಾರೆ.)

ಮಾವ: ಊಟದ ಹೊತ್ತಾಗಿದ್ದರೆ ರಾಮ ನಾಯಕರ ಬೋರ್ಡಿಂಗಿನಲ್ಲಿ ಕೂರಬಹುದಿತ್ತು. 1942ರಿಂದ ಎಲೆ ಹಾಕುತ್ತಾ ಇದ್ದಾರೆ. ಈಗ ಕಾಫಿ ಸಾಕು. ಕರ್ನಾಟಕ ಸಂಗೀತಕ್ಕೆ ಜಾಗ ಕೇಳಿದೆಯಲ್ಲ, ಅದು ಇಲ್ಲೇ ಹತ್ತಿರ, ಕಿಂಗ್ಸ್ ಸರ್ಕಲಿನ ಆಚೆ, ಷಣ್ಮುಖಾನಂದ. 1952ರಲ್ಲಿ ಸಭೆ, 1963ರಲ್ಲಿ ಹಾಲ್. 1990ರಲ್ಲಿ ಬೆಂಕಿಗೆ ಆಹುತಿಯಾಗಿ, 1998ರಲ್ಲಿ ಮತ್ತೆ ಎದ್ದಿತು. ಈಗ ಸುಮಾರು 2,700 ಜನ ಕೂರಬಹುದು. ನಿನ್ನ ವಿಯೆನ್ನಾದ ಒಪೆರಾಕ್ಕಿಂತ ದೊಡ್ಡದು. ಭಾವು ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್. ಹಳಿಯ ಆಚೆ ಬದಿಗೆ ಕರ್ನಾಟಕ ಸಂಘ. ಇಷ್ಟು ನಮ್ಮವರದ್ದು.

ಅಳಿಯ: ವಿಯೆನ್ನಾದಲ್ಲಿ ಕಾಫಿಯನ್ನು ಸಣ್ಣ ತಟ್ಟೆಯಲ್ಲಿ ತರುತ್ತಾರೆ. ಪಕ್ಕದಲ್ಲಿ ಒಂದು ಗ್ಲಾಸು ನೀರು, ಅದರ ಮೇಲೆ ಅಡ್ಡ ಇಟ್ಟ ಚಮಚ. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟು ಓಡುವಾಗ ಬಿಟ್ಟುಹೋದ ಬೀಜದ ಮೂಟೆಯಿಂದ ತಮ್ಮ ಊರಿನ ಕಾಫಿ ಶುರುವಾಯಿತು ಅಂತ ಕತೆ.

ಮಾವ: ಅದೇ ಶತಮಾನದಲ್ಲಿ ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಹಾಕಿದರು ಅಂತ ನಮ್ಮ ಕತೆ. ಎರಡೂ ಕತೆಯೇ ಇರಬಹುದು. ಕಾಫಿ ಮಾತ್ರ ನಿಜ. ಕುಡಿ, ಆರುತ್ತದೆ.

ಅಳಿಯ: ಮಾವ, ಒಂದು ತಕರಾರು. ನೀವು ತೋರಿಸಿದ್ದನ್ನೆಲ್ಲ ಒಪ್ಪಿದೆ. ಆದರೆ ಅಲ್ಲಿ ನಾನು ಒಬ್ಬನೇ ತಿರುಗಿ ನೋಡಿದೆ. ಇಲ್ಲಿ ನೀವಿಲ್ಲದೆ ಒಂದೂ ಕಾಣುತ್ತಿರಲಿಲ್ಲ. ನೀವು ಎಷ್ಟು ಜನರ ಕೈ ಹಿಡಿದು ಫ್ರೆಂಚ್ ಬ್ರಿಜ್ಜಿಗೆ ಕರೆದೊಯ್ಯುತ್ತೀರಿ?

ಮಾವ: ಅದೇ ನನ್ನ ಸಂಕಟವೂ. ಅಮೆರಿಕದವರು 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಭೂಮಿಯ ಹಾಡು ತುಂಬಿ ಕಳಿಸಿದರಲ್ಲ, ಆ ತಟ್ಟೆಯಲ್ಲಿ ಬೀಥೋವನ್ ಇದ್ದಾನೆ, ಮೊಜಾರ್ಟ್ ಇದ್ದಾನೆ, ಅವರ ಜೊತೆಗೆ ಕೇಸರಬಾಯಿ ಕೇರ್ಕರರ ಭೈರವಿ ಇದೆ. ಗೋವೆಯಲ್ಲಿ ಹುಟ್ಟಿ, ಈ ಊರಿನಲ್ಲಿ ಅಲ್ಲಾದಿಯಾ ಖಾನರಿಂದ ಕಲಿತು, ಇಲ್ಲೇ ಬಾಳಿದವರು. ಎರಡನೆಯ ನೌಕೆ ಹಾರಿದ ತಿಂಗಳಲ್ಲೇ, ಸೆಪ್ಟೆಂಬರಿನಲ್ಲಿ, ತೀರಿಕೊಂಡರು. ನಕ್ಷತ್ರಗಳಿಗೆ ವಿಳಾಸ ಸಿಕ್ಕಿತು. ಬೀದಿಯಲ್ಲಿ ಹೋಗುವವನಿಗೆ ಸಿಗಲಿಲ್ಲ.

ಅಳಿಯ: ಹಾಗಾದರೆ ಯಾರು ಮಾಡಬೇಕು? ಮಹಾನಗರ ಪಾಲಿಕೆಯಾ?

ಮಾವ: ಪಾಲಿಕೆ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಪಾಲಿನದ್ದನ್ನು ನಾವು ಮಾಡಬಹುದು. ಚರ್ಚ್‌ಗೇಟಿನಿಂದ ವಿರಾರಿನ ತನಕ, ಸಿಎಸ್‌ಎಂಟಿಯಿಂದ ಡೊಂಬಿವಲಿ, ಕಲ್ಯಾಣದ ತನಕ ಎಷ್ಟು ಕನ್ನಡ ಸಂಘಗಳುಂಟು, ಪ್ರತಿ ಭಾನುವಾರ ಎಷ್ಟು ಸನ್ಮಾನ? ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸ್ಮರಣಿಕೆ ಮನೆಯ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ನಾನು ಕೂಡ ಒಂದು ತಂದಿಟ್ಟಿದ್ದೇನೆ, ನಿನ್ನ ಅತ್ತೆಯನ್ನು ಕೇಳು. ಒಂದು ವರ್ಷದ ಶಾಲಿನ ಖರ್ಚು ಉಳಿಸಿ, ಫ್ರೆಂಚ್ ಬ್ರಿಜ್ಜಿನ ಬಳಿಯ ಕಟ್ಟಡದವರ ಒಪ್ಪಿಗೆ ಪಡೆದು, ಒಂದು ಕಲ್ಲು ಬರೆಸಿ ಗೋಡೆಗೆ ಹಾಕಿಸಿದರೆ?

ಅಳಿಯ: ಕಲ್ಲಿನ ಮೇಲೆ ಏನು ಬರೆಸುತ್ತೀರಿ?

ಮಾವ: ದೊಡ್ಡ ಮಾತು ಬೇಡ. ಕನ್ನಡದಲ್ಲಿ, ಮರಾಠಿಯಲ್ಲಿ, ಎರಡೇ ಸಾಲು: ‘ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಈ ಪರಿಸರದಲ್ಲಿ ದೇವಧರರಿಂದ ಹಾಡು ಕಲಿತ. ಮುಂದೆ ಅವನು ಕುಮಾರ ಗಂಧರ್ವನೆಂದು ಪ್ರಸಿದ್ಧನಾದ.’

ಅಳಿಯ: ಬಾವುಟ?

ಮಾವ: ಬಾವುಟ ಬೇಡ. ಓದುವವರು ಬರಲಿ, ಅಷ್ಟು ಸಾಕು. ಮುಂದಿನ ಭಾನುವಾರದ ಸಂಘದ ಸಭೆಗೆ ನೀನೂ ಬಾ. ಸನ್ಮಾನದ ಪಟ್ಟಿ ಓದುವ ಮೊದಲೇ ಎದ್ದು ಇದನ್ನು ಹೇಳು.